ತಿಮ್ಮವ್ವನ ಡ್ರಮ್ಮಿನ ಹುಳ

ಕಾಲುವೆ ನೀರು ನಿಲ್ಲುತ್ತದೆಂದರೆ ವಳಕಮದಿನ್ನಿಯಲ್ಲಿ ಮನೆಮನೆಗೂ ಡ್ರಮ್ಮು ತುಂಬಿಡುವುದೇ ದೊಡ್ಡ ಕೆಲಸ. ತಿಮ್ಮವ್ವನ ಡ್ರಮ್ಮು ಪಡಸಾಲೆಯಲ್ಲಿತ್ತು. ಅದರ ಪಕ್ಕ ತಂಪಾಗಿರುತ್ತದೆಂದು, ಹೆರಿಗೆಗೆ ತವರಿಗೆ ಬಂದ ಮಗಳು ಅಂಬಿಕಾಳ ಮಂಚವನ್ನೂ ಅಲ್ಲೇ ಹಾಕಿಸಿದ್ದಳು.

ಒಂದು ದಿನ ಪಕ್ಕದ ಮನೆಯ ಜೈನಾಬೀ ಬಂದವಳು ಡ್ರಮ್ಮಿನೊಳಗೆ ಬಗ್ಗಿ ನೋಡಿದಳು.

"ಅಯ್ಯ ತಿಮ್ಮಕ್ಕ, ಹುಳ ಆಗ್ಯಾವಲ್ಲ! ಇವು ಸೊಳ್ಳಿ ಮರಿ. ಹೋದ ವರ್ಷ ನನ್ನ ಮಗಗ ಡೆಂಗಿ ಬಂದಾಗ ಆಶಾ ಅಕ್ಕ ನಮ್ಮ ಡ್ರಮ್ಮಿನ್ಯಾಗ ಇವನ್ನ ತೋರ್ಸಿದ್ಲು."

"ಏ ಹೋಗಬೇ! ಹುಳ ಆಡಾಕತ್ತಾವಂದ್ರ ನೀರು ಚೊಲೋ ಐತಿ ಅಂತ. ಸೊಳ್ಳಿ ಬರೋದು ಗದ್ದಿಯಿಂದ, ಗಟಾರದಿಂದ."

"ಹಂಗಾದ್ರ ಈ ಹುಳ ನೀರಿನ ಸಮೇತ ಒಂದು ಬಾಟ್ಲಿಗೆ ಹಾಕಿ, ಬಾಯಿಗೆ ಬಟ್ಟಿ ಕಟ್ಟಿಡು. ನನ್ನ ಮಾತು ಬ್ಯಾಡ, ನಿನ್ನ ಕಣ್ಣು ನಂಬು."

ತಿಮ್ಮವ್ವ ಹಟಕ್ಕೆ ಬಿದ್ದು ಕಟ್ಟಿಟ್ಟಳು. ಹಟ ಎಲ್ಲಿ ಉಳಿದೀತು, ಮರುದಿನಕ್ಕೇ ಕುತೂಹಲ ಹತ್ತಿಕೊಂಡಿತು. ಬೆಳಗಾದರೆ ಬಾಟಲಿ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಡುವಳು. ಒಲೆಯ ಮೇಲಿನ ರೊಟ್ಟಿ ಸೀದದ್ದೂ ಗೊತ್ತಾಗುತ್ತಿರಲಿಲ್ಲ.

"ಅಂಬಿಕಾ, ನೋಡಬಾರೇ, ಉದ್ದಕ್ಕಿದ್ದ ಹುಳ ಮುದುಡಿಕೊಂಡು ತಲಿ ದಪ್ಪ ಆಗೈತಿ!"

"ನಿನಗ ಹುಚ್ಚು ಹಿಡದೈತಿ ಬಿಡವ್ವ," ಎಂದು ಮಗಳು ಮಂಚದ ಮೇಲೆ ಕಾಲು ಕೆರೆದುಕೊಳ್ಳುತ್ತಾ ನಗುತ್ತಿದ್ದಳು.

ವಾರದೊಳಗೇ ಒಂದು ಮುಂಜಾನೆ ಬಾಟಲಿಯ ಒಳಗೆ ಸೊಳ್ಳೆಗಳು ಕೂತಿದ್ದವು. ಕಪ್ಪು ಕಾಲು, ಮೇಲೆ ಬಿಳಿ ಪಟ್ಟೆ.

"ಜೈನಾಬೀ, ಲಗೂ ಬಾರೇ! ಕಟ್ಟಿದ ಬಟ್ಟಿ ಕಟ್ಟಿದಂಗ ಐತಿ. ಇವು ಒಳಗ ಹ್ಯಾಂಗ ಬಂದ್ವು?"

"ಬಂದಿಲ್ಲಕ್ಕ, ಅಲ್ಲೇ ಹುಟ್ಟ್ಯಾವ. ಡೆಂಗಿ ಹರಡೋವು ಇವೇ. ಹಗಲೊತ್ತೇ ಕಡಿತಾವ."

ತಿಮ್ಮವ್ವ ಡ್ರಮ್ಮು ನೋಡಿದಳು, ಮಂಚ ನೋಡಿದಳು. ಮಗಳ ಕಾಲ ತುಂಬ ಕಡಿದ ಗುರುತು.

"ತಂಪಿರ್ಲಿ ಅಂತ ನಾನೇ ಬಸುರಿ ಮಗಳನ್ನ ಇವುಗಳ ಬಾಯಾಗ ಹಾಕೀನಲ್ಲೋ ಶಿವನೇ!" ಎಂದು ಅತ್ತೇಬಿಟ್ಟಳು.

"ಅಳಬ್ಯಾಡ. ಜ್ವರ ಬಂದಿಲ್ಲಲ್ಲ? ಬಂತಂದ್ರ ಮನಿಯಾಗ ಗುಳಿಗಿ ನುಂಗಿಸಿ ಕೂಡಬ್ಯಾಡ, ಸೀದಾ ದವಾಖಾನಿಗೆ ನಡಿ. ಈಗ ಡ್ರಮ್ಮು ಹಿಡಿ."

ಇಬ್ಬರೂ ಸೇರಿ ನೀರನ್ನು ಬಟ್ಟೆಯಲ್ಲಿ ಸೋಸಿ ಕೊಡಗಳಿಗೆ ತುಂಬಿದರು, ಹುಳಗಳನ್ನು ಬಿಸಿಲ ನೆಲಕ್ಕೆ ಚೆಲ್ಲಿದರು. ಒಳಮೈಗೆ ಸೊಳ್ಳೆ ಮೊಟ್ಟೆ ಅಂಟಿರುತ್ತದೆಂದು ಡ್ರಮ್ಮನ್ನು ಗಸಗಸ ತಿಕ್ಕಿ ಒಣಗಿಸಿದರು. ಅಂಬಿಕಾಳ ಮಂಚ ಒಳಕೋಣೆಗೆ ಹೋಯಿತು, ಹಗಲಲ್ಲೂ ಸೊಳ್ಳೆ ಪರದೆ ಬಂತು. ತಿಮ್ಮವ್ವನಂತೂ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚದೆ ಆ ಬಾಟಲಿ ಹಿಡಿದು ಓಣಿಯ ಮನೆಮನೆಗೂ ತೋರಿಸಿ ಬಂದಳು.

ಅಕ್ಕಂದಿರೇ, ಅಣ್ಣಂದಿರೇ, ತಿಮ್ಮವ್ವನ ಮಾತೂ ಬೇಡ. ಈ ಹಾಳೆ ಕೆಳಗಿಟ್ಟು ನಿಮ್ಮ ಡ್ರಮ್ಮಿನೊಳಗೊಮ್ಮೆ ಬಗ್ಗಿ ನೋಡಿ. ವಾರಕ್ಕೊಮ್ಮೆ ತಿಕ್ಕಿ ಒಣಗಿಸಿ, ತುಂಬಿದ ಮೇಲೆ ಬಾಯಿ ಬಿಗಿಯಾಗಿ ಮುಚ್ಚಿ. ಹಾಗೆಯೇ, ಅದರ ಪಕ್ಕದಲ್ಲಿ ಯಾರ ಮಂಚ ಇದೆ ಎಂಬುದನ್ನೂ ನೋಡಿ.