ಮುಚ್ಚಿದ ಕಿಂಡಿ

ಆ ಹೆರಿಗೆ ಮನೆಗೆ ಕರೆಂಟಿನ ಕಂಬ ಬಂದಿರಲೇ ಇಲ್ಲ. ಮಾಡಿನ ಮೇಲೆ ಸೋಲಾರ್ ಫಲಕಗಳು, ಹಿಂಬದಿಯ ಗೋಡೆಗೆ ಅಂಟಿದ ತಗಡಿನ ಶೆಡ್ಡಿನಲ್ಲಿ ಬ್ಯಾಟರಿಗಳು. ಬಿಸಿಲಿದ್ದಾಗ ಮಿಕ್ಕ ಕರೆಂಟು ನೀರನ್ನು ಒಡೆದು ಹೈಡ್ರೋಜನ್ ಮಾಡಿ ಶೆಡ್ಡಿನ ಹೊರಗಿನ ಟ್ಯಾಂಕಿಗೆ ತುಂಬುತ್ತಿತ್ತು. ಮೋಡ ಕವಿದು ಬ್ಯಾಟರಿ ಸೋತರೆ ಶೆಡ್ಡಿನೊಳಗಿನ ಸ್ವಿಚ್ಚು ತಾನೇ ಬಿದ್ದು, ಅದೇ ಅನಿಲದಿಂದ ಕರೆಂಟು ಹುಟ್ಟಿಸುವ ಯಂತ್ರ ಶುರುವಾಗುತ್ತಿತ್ತು. ಇದನ್ನೆಲ್ಲ ಜೋಡಿಸಿದವನು ದಾದಿಯ ತಮ್ಮ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಮಂಜು ಇಳಿದು ವಾರಗಳೇ ಆಗಿದ್ದವು. ಯಂತ್ರ ಓಡದ ದಿನವೂ ಟ್ಯಾಂಕಿನ ಮುಳ್ಳು ಇಳಿಯುತ್ತಿರುವುದು ದಾದಿಯ ಕಣ್ಣಿಗೆ ಚುಚ್ಚುತ್ತಿತ್ತು. ಚಳಿಗೆ ಅನಿಲ ಕುಗ್ಗುತ್ತದೆ, ಅಷ್ಟೇ ಎಂದು ತಮ್ಮ ತಳ್ಳಿಹಾಕಿದ್ದ. ಒಳಗೆ ತಿಂಗಳು ತುಂಬುವ ಮೊದಲೇ ಹುಟ್ಟಿದ ಒಂದು ಮಗು ಬೆಚ್ಚನೆಯ ಪೆಟ್ಟಿಗೆಯಲ್ಲಿತ್ತು. ಅವಳ ಜೀವವೆಲ್ಲ ಆ ಪೆಟ್ಟಿಗೆಯ ದೀಪದಲ್ಲಿತ್ತು.

ಮಧ್ಯಾಹ್ನ ತಮ್ಮನನ್ನು ಊಟಕ್ಕೆ ಕರೆಯಲು ಹೋದವಳು ಶೆಡ್ಡಿನ ಬಾಗಿಲಲ್ಲೇ ನಿಂತಳು. ಎಂದಿನ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಲಿಲ್ಲ. ತಲೆಯೆತ್ತಿ ನೋಡಿದರೆ ಮಾಡಿನ ಕಿಂಡಿಯನ್ನು ಹೊರಗಿನಿಂದ ಗೋಣಿಚೀಲ ತುರುಕಿ ಮುಚ್ಚಲಾಗಿತ್ತು. ಅನಿಲ ಸೋರಿದರೆ ಕೂಗಬೇಕಾದ ಅಲಾರಮ್ಮಿನ ವೈರು ಕಿತ್ತು ನೇತಾಡುತ್ತಿತ್ತು. ಎರಡೂ ತನ್ನದೇ ಕೆಲಸವೆಂದ, ಒಳಗೆ ಸ್ಪ್ಯಾನರು ಹಿಡಿದು ನಿಂತಿದ್ದ ತಮ್ಮ. ತೇವಕ್ಕೆ ಅಲಾರಮ್ಮು ಸುಮ್ಮಸುಮ್ಮನೆ ಅರಚುತ್ತಿತ್ತಂತೆ. ಕಿಂಡಿಯಿಂದ ಮಂಜಿನ ಹನಿ ಯಂತ್ರದ ಮೇಲೆ ತೊಟ್ಟಿಕ್ಕುತ್ತಿತ್ತಂತೆ.

ಬಣ್ಣವಿಲ್ಲದ, ವಾಸನೆಯಿಲ್ಲದ ಆ ಅನಿಲ ಸೋರಿದರೆ ಮೇಲಕ್ಕೇರಿ ಆ ಕಿಂಡಿಯಿಂದಲೇ ಹೊರಹೋಗಬೇಕೆಂದು ಅವಳಿಗೆ ಹೇಳಿಕೊಟ್ಟವನೇ ಅವನು.

"ಏನನ್ನೂ ಮುಟ್ಬೇಡ," ಎಂದಳು, ಮಲಗಿದ ಮಗುವಿನ ಪಕ್ಕ ಮಾತಾಡುವಷ್ಟು ಮೆಲ್ಲಗೆ. "ಕೈಲಿರೋದನ್ನ ಹಾಗೇ ಹಿಡ್ಕೊಂಡು ಹೊರಗೆ ಬಾ."

ಅವನು ನಗಲು ಹೊರಟು ಅವಳ ಮುಖ ನೋಡಿದ. ಅವಳ ನೋಟದ ಹಿಂದೆಯೇ ಕಿಂಡಿಯತ್ತ ನೋಡಿದ. ಬಣ್ಣಗೆಟ್ಟು ಹೊರಬಂದವನೇ ಟ್ಯಾಂಕಿನ ವಾಲ್ವು ತಿರುಗಿಸಿ ಮುಚ್ಚಿದ.

"ಒಳಗೆ ತುಂಬಿರೋದು ತುಂಬೇ ಇದೆ ಅಕ್ಕ. ಬ್ಯಾಟರಿ ಇನ್ನು ಸ್ವಲ್ಪ ಇಳಿದ್ರೆ ಆ ಸ್ವಿಚ್ಚು ಬೀಳುತ್ತೆ. ಒಂದು ಕಿಡಿ ಸಾಕು."

ಶೆಡ್ಡಿನ ಗೋಡೆಯ ಆಚೆಗೇ ಬಾಣಂತಿಯರ ಕೋಣೆ. ದಾದಿ ಒಳಗೋಡಿ ಪೆಟ್ಟಿಗೆಯಿಂದ ಮಗುವನ್ನೆತ್ತಿ, ಬಾಣಂತಿಯ ರವಿಕೆ ಬಿಚ್ಚಿಸಿ ಎದೆಗೆ ಅಂಟಿಸಿ, ಮೇಲೆ ಕಂಬಳಿ ಸುತ್ತಿದಳು. ಅವರಿಬ್ಬರನ್ನೂ ರಸ್ತೆಬದಿಯ ಕೋಣೆಗೆ ನಡೆಸಿದಳು. ಪೆಟ್ಟಿಗೆ, ಫ್ರಿಜ್ಜು, ದೀಪ, ಎಲ್ಲ ಆರಿಸಿದಳು. ಆದರೂ ಗೋಡೆಯ ಮೇಲಿನ ಬ್ಯಾಟರಿಯ ಅಂಕಿ ನಿಲ್ಲಲಿಲ್ಲ. ಶೆಡ್ಡಿನೊಳಗಿನ ಯಂತ್ರಗಳೇ ಹೀರುತ್ತಿದ್ದವೇನೋ, ಕಡಿಮೆಯಾಗುತ್ತಲೇ ಇತ್ತು.

ಹೊರಗೆ ತಮ್ಮ ಉದ್ದನೆಯ ಬಿದಿರಿನಿಂದ ಚೀಲವನ್ನು ಕೊಕ್ಕೆ ಹಾಕಿ ಎಳೆಯುತ್ತಿದ್ದ. ಒದ್ದೆಯಾಗಿ ಬಿಗಿದ ಚೀಲ ಜಪ್ಪಯ್ಯ ಎಂದರೂ ಬರಲಿಲ್ಲ.

"ಸಾಕು, ಬಂದ್ಬಿಡು," ಎಂದು ಅವಳು ಕಿಟಕಿಯಿಂದ ಕರೆದಳು.

"ಇದು ಹೀಗೇ ಇದ್ರೆ ಗೋಡೆ ಉಳಿಯಲ್ಲ," ಎಂದನವನು, ತಿರುಗಿಯೂ ನೋಡದೆ.

ಕೊನೆಗೆ ಚೀಲ ಕಿತ್ತು ಬಂತು. ಅವನು ಬಿದಿರು ಬಿಸಾಡಿ ಓಡತೊಡಗಿದ. ಮಂಜು ಅಲುಗಾಡದೆ ನಿಂತಿತ್ತು, ಗಾಳಿಯ ಸುಳಿವಿಲ್ಲ. ಅನಿಲ ಎಷ್ಟು ಹೋಯಿತು, ಎಷ್ಟು ಉಳಿಯಿತು, ತಿಳಿಯುವ ದಾರಿಯೇ ಇರಲಿಲ್ಲ.

ಅಷ್ಟರಲ್ಲಿ ಸ್ವಿಚ್ಚು ಬಿತ್ತು. ಬೆಂಕಿ ಯಾರಿಗೂ ಕಾಣಲಿಲ್ಲ. ನೆಲ ಒಮ್ಮೆ ಗುದ್ದಿದಂತಾಯಿತು, ತಗಡಿನ ಮಾಡು ಎದ್ದು ಮಡಚಿಕೊಂಡಿತು. ಬಾಣಂತಿಯರ ಕೋಣೆಯ ಗೋಡೆ ಉದ್ದಕ್ಕೂ ಬಿರಿಯಿತು, ಬೀಳಲಿಲ್ಲ. ತಮ್ಮ ಅಂಗಳದಲ್ಲಿ ಬೋರಲು ಬಿದ್ದಿದ್ದ. ಎಬ್ಬಿಸಿದಾಗ ಎಡಗಿವಿಯಿಂದ ರಕ್ತ ಇಳಿಯುತ್ತಿತ್ತು. ಆ ಕಿವಿಗೆ ಮತ್ತೆಂದೂ ಕೇಳಿಸಲಿಲ್ಲ.

ಮಗು ತಾಯಿಯ ಎದೆಯ ಮೇಲೆ ನಿದ್ದೆ ಮಾಡುತ್ತಿತ್ತು. ದಾದಿ ಅದರ ಪಾದ ಮುಟ್ಟಿದಳು. ಬೆಚ್ಚಗಿತ್ತು. ಆದರೆ ಮಂಜು ಇನ್ನೂ ಕರಗಿರಲಿಲ್ಲ, ಮನೆಯಲ್ಲಿ ಉರಿಯುವ ಒಂದು ದೀಪವೂ ಇರಲಿಲ್ಲ, ಮತ್ತು ಕತ್ತಲಾಗುವ ಹೊತ್ತಿಗೆ ಹೆರಿಗೆ ನೋವಿನ ಇನ್ನೊಬ್ಬಳನ್ನು ಹೊತ್ತ ಗಾಡಿ ಅಂಗಳಕ್ಕೆ ಬಂದು ನಿಂತಿತು.