ಎಚ್ಚರಿಕೆಯ ಸೀಲು

ಔಷಧಿ ಅಂಗಡಿಯ ಶಟರ್ ಎತ್ತುವ ಮೊದಲೇ ಇನ್ನೂರು ಕಾಗದದ ಚೀಲಗಳಿಗೆ ಸೀಲು ಒತ್ತಿ ಮುಗಿಸಬೇಕು. ‘ಔಷಧಿಗಳ ಎಚ್ಚರಿಕೆ ತಿಳಿಸಲಾಗಿದೆ’ ಎಂಬ ಸೀಲು. ಗಿರಾಕಿಯ ಮುಖ ಇನ್ನೂ ಕಂಡಿಲ್ಲ, ಕಾಯಿಲೆ ಏನೆಂದು ಗೊತ್ತಿಲ್ಲ, ಎಚ್ಚರಿಕೆ ಮಾತ್ರ ಆಗಲೇ ತಿಳಿಸಿಯಾಗಿರುತ್ತಿತ್ತು! ಬಂದವರಿಗೆಲ್ಲ ‘ಅಕ್ಕ’ ಆಗಿದ್ದ ಫಾರ್ಮಸಿಸ್ಟಿಗೆ ಮೊದಮೊದಲು ಇದಕ್ಕೆ ನಗು ಬರುತ್ತಿತ್ತು. ಈಗ ನಗುವುದಕ್ಕೂ ಬೇಸರ.

ಒಂದಕ್ಕೊಂದು ಆಗಿಬರದ ಮಾತ್ರೆಗಳನ್ನು ಕೊಡುವಾಗ ಬಾಯಿಬಿಟ್ಟು ಹೇಳಲೇಬೇಕು ಎಂಬ ಕಾನೂನು ಬಂದಾಗ ಅವಳು ಖುಷಿಪಟ್ಟದ್ದು ಸುಳ್ಳಲ್ಲ. ಅಂಥ ಮಾತ್ರೆಗಳು ಜೊತೆಯಾದಾಗ ಎಚ್ಚರಿಸಲು ಕಂಪ್ಯೂಟರಿನಲ್ಲಿ ಕೆಂಪು ಚೌಕ ಮೂಡತೊಡಗಿತು. ಆದರೆ ಆ ಚೌಕಕ್ಕೆ ದೊಡ್ಡದು ಚಿಕ್ಕದೆಂಬ ಭೇದವೇ ಇಲ್ಲ. ವಿಟಮಿನ್ನಿಗೂ ಕೆಂಪು, ಕೆಮ್ಮಿನ ಔಷಧಿಗೂ ಕೆಂಪು. ಒಂದು ವಾರ ಗಂಟಲು ಹರಿದುಕೊಂಡು ಎಲ್ಲರಿಗೂ ಹೇಳಿದಳು. “ಬೇಗ ಕೊಡ್ರೀ, ಬಸ್ಸು ಹೋಗುತ್ತೆ” ಎಂದು ಸಾಲಿನಲ್ಲಿದ್ದವರು ರೇಗಿದರು. ಮಾಲೀಕರು ಸೀಲು ಮಾಡಿಸಿ ತಂದರು. ಅಲ್ಲಿಂದ ಮುಂದೆ ಚೌಕ ಮೂಡಿದ ಕೂಡಲೇ ಓದುವ ಮೊದಲೇ ಅವಳ ಬೆರಳು ತಾನಾಗಿ ಎಂಟರ್ ಒತ್ತಿ ಅದನ್ನು ಅಳಿಸಿಬಿಡುತ್ತಿತ್ತು. ಹದಿನೆಂಟು ವರ್ಷ ನಿಂತೇ ದುಡಿದ ಹಿಮ್ಮಡಿಗಳ ಗೋಳಷ್ಟೇ ಅವಳಿಗೆ ಕೇಳಿಸುತ್ತಿದ್ದದ್ದು.

ಒಂದು ಮಧ್ಯಾಹ್ನ ಎದುರಿನ ಹೊಲಿಗೆ ಅಂಗಡಿಯ ಟೈಲರಮ್ಮ ಬಂದಳು. ಹೆಬ್ಬೆರಳಿಗೆ ಲೈನಿಂಗ್ ಬಟ್ಟೆಯ ಚೂರು ಸುತ್ತಿತ್ತು. ಬಿಳಿ ಬಟ್ಟೆ ಪೂರಾ ಕೆಂಪಾಗಿತ್ತು.

“ಸ್ವಲ್ಪ ಹತ್ತಿ ಕೊಡಿ ಅಕ್ಕ. ಬೆಳಿಗ್ಗೆ ಸೂಜಿ ಚುಚ್ಕೊಂಡೆ, ಇನ್ನೂ ರಕ್ತ ನಿಂತಿಲ್ಲ. ಮೂವತ್ತು ವರ್ಷದಲ್ಲಿ ಸಾವಿರ ಸಲ ಚುಚ್ಚಿರೋ ಸೂಜಿ, ಇವತ್ತೇನೋ ಹಟ ಹಿಡಿದಿದೆ.”

ಅವಳು ನಕ್ಕಾಗ ವಸಡಿನಲ್ಲೂ ರಕ್ತ ಕಂಡಿತು. ಅಕ್ಕ ಕೌಂಟರಿನ ಮೇಲೆ ಬಾಗಿ ನೋಡಿದಳು. ಟೈಲರಮ್ಮನ ಹೃದಯದ ಕವಾಟ ಬದಲಾಯಿಸಿ ಐದು ವರ್ಷವಾಗಿತ್ತು. ರಕ್ತ ತೆಳುವಾಗಿಸುವ ಮಾತ್ರೆಯನ್ನು ತಿಂಗಳು ತಿಂಗಳೂ ಕೊಡುತ್ತಿದ್ದವಳು ತಾನೇ.

“ಬೇರೆ ಏನಾದ್ರೂ ಮಾತ್ರೆ ತಗೋತಿದ್ದೀರಾ?”

“ಹಲ್ಲಿನ ಡಾಕ್ಟರ್ ಬರೆದದ್ದು. ನಾಲ್ಕು ದಿನದ ಹಿಂದೆ ನೀವೇ ಕೊಟ್ರಲ್ಲ!” ಟೈಲರಮ್ಮ ಚೀಲ ತೆಗೆದು ಮುಂದಿಟ್ಟಳು.

ಅಕ್ಕ ಮಾತ್ರೆಯ ಹೆಸರು ಓದಿದಳು. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಇದು ಸೇರಿದರೆ ರಕ್ತ ಹೆಪ್ಪುಗಟ್ಟುವುದೇ ಕಷ್ಟ. ಅಂದು ಕೆಂಪು ಚೌಕ ಮೂಡಿರಲೇಬೇಕು.

“ಇವೆರಡೂ ಒಟ್ಟಿಗೆ ತಗೋಬಾರ್ದಿತ್ತು. ಈಗಲೇ ಆಸ್ಪತ್ರೆಗೆ ಹೋಗ್ಬೇಕು.”

ಮಾಲೀಕರು ಹಿಂದಿನಿಂದ ಬಂದು ಪಿಸುಗುಟ್ಟಿದರು. “ಸೀಲು ಇದೆಯಲ್ಲ, ನೀವ್ಯಾಕೆ ಹೆದರ್ತೀರಿ? ಜಾಸ್ತಿ ಮಾತಾಡ್ಬೇಡಿ.”

ಅಷ್ಟರಲ್ಲಿ ಟೈಲರಮ್ಮ ಚೀಲದ ಮೇಲಿನ ಅಕ್ಷರಗಳನ್ನು ಓದಿಕೊಂಡಿದ್ದಳು. “ಅಯ್ಯೋ, ಎಚ್ಚರಿಕೆ ಹೇಳಿದೀವಿ ಅಂತ ಇಲ್ಲೇ ಇದೆ. ನೀವು ಹೇಳೇ ಇರ್ತೀರಿ ಅಕ್ಕ. ನನ್ನ ಹಾಳು ಮರೆವು ನೋಡಿ.”

ಬೈದಿದ್ದರೆ ಅಕ್ಕ ಸಹಿಸಿಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಪೆನ್ನು ತೆಗೆದು ಸೀಲಿನ ಮೇಲೆ ಅಡ್ಡ ಗೀಟು ಎಳೆದಳು. ಕೆಳಗೆ ಎರಡೂ ಮಾತ್ರೆಗಳ ಹೆಸರು ಬರೆದು, ‘ನಾನೇ ಕೊಟ್ಟೆ, ಎಚ್ಚರಿಕೆ ಹೇಳಲಿಲ್ಲ’ ಎಂದು ಸೇರಿಸಿ ಸಹಿ ಹಾಕಿದಳು.

“ನೀವು ಮರ್ತಿಲ್ಲ. ನಾನು ಹೇಳಿರಲಿಲ್ಲ” ಎಂದಳು. ಹೊಸ ಬ್ಯಾಂಡೇಜು ತೆಗೆದು ಹೆಬ್ಬೆರಳಿಗೆ ಬಿಗಿಯಾಗಿ ಸುತ್ತಿದಳು. “ನಡೀರಿ, ನಾನೂ ಬರ್ತೀನಿ. ಡಾಕ್ಟರಿಗೆ ಇದನ್ನ ತೋರಿಸ್ಬೇಕು.”

ಬಾಗಿಲಲ್ಲಿ ಆರು ಜನ ಕಾಯುತ್ತಿದ್ದರು. ಮಾಲೀಕರ ಮುಖ ಕಪ್ಪಿಟ್ಟಿತು. “ಹೀಗೆ ಬಿಟ್ಟು ಹೋದ್ರೆ ಇವರಿಗೆಲ್ಲ ಔಷಧಿ ಕೊಟ್ಟು ಎಚ್ಚರಿಕೆ ಯಾರು ಹೇಳೋದು?”

“ಸೀಲು ಇದೆಯಲ್ಲ ಸಾರ್” ಎಂದು ಅಕ್ಕ ಟೈಲರಮ್ಮನ ತೋಳು ಹಿಡಿದು ಮೆಟ್ಟಿಲಿಳಿದಳು.