ಜ್ವಾಲಾಮುಖಿಗೆ ಐದು ಮಾರ್ಕು

ನಲವತ್ತೆರಡು ಮಕ್ಕಳಲ್ಲಿ ನಲವತ್ತೊಂದು ಮಕ್ಕಳಿಗೆ ಜ್ವಾಲಾಮುಖಿಯ ಭಯವಂತೆ! ಭೂಗೋಳದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಕೂತು ಹಾಳೆಗಳನ್ನು ತಿರುವಿಹಾಕುತ್ತ ಮೂಗು ಮುರಿದರು. ‘ನಿಮ್ಮ ಊರಿಗೆ ಯಾವ ಪ್ರಕೃತಿ ವಿಕೋಪದಿಂದ ಅಪಾಯವಿದೆ?’ ಎಂದು ಇಲಾಖೆ ಮಕ್ಕಳನ್ನು ಕೇಳಿತ್ತು. ಸಾವಿರ ಮೈಲಿ ಸುತ್ತಿದರೂ ಹೊಗೆಯಾಡುವ ಒಂದು ಬೆಟ್ಟ ಸಿಕ್ಕದು. ಒಬ್ಬ ಮಹಾಶಯನಂತೂ ಲಾವಾರಸ ಬಂದರೆ ಓಡಿಹೋಗಲು ಸೈಕಲ್ ರಿಪೇರಿ ಮಾಡಿಸಿಟ್ಟಿದ್ದೇನೆ ಎಂದು ಬರೆದಿದ್ದ.

ತಡೆಯಲಾರದೆ ಕ್ಲಾಸ್ ಲೀಡರನ್ನು ಕರೆಸಿದರು.

“ಜ್ವಾಲಾಮುಖಿ ಎಲ್ಲಿದೆಯೋ ಇಲ್ಲಿ, ನಿಮ್ಮ ಅಡುಗೆಮನೇಲಾ?”

“ಅದು ಐದು ಮಾರ್ಕಿನ ಪ್ರಶ್ನೆ ಸಾರ್. ಭೂಕುಸಿತ ಬರೀ ಎರಡು ಮಾರ್ಕು. ಅದನ್ನ ಬಿಟ್ಟರೂ ನಡೆಯುತ್ತೆ ಅಂತ ನೀವೇ ಹೇಳಿದ್ರಲ್ಲ.”

“ಹೋಗು, ಹೋಗು. ದೊಡ್ಡ ಬುದ್ಧಿವಂತ!”

ಉಳಿದ ಒಂದು ಹಾಳೆ ಗಾರೆ ಕೆಲಸದವನ ಮಗಳದ್ದು. ‘ಶಾಲೆಯ ಹಿಂದಿನ ಗೋಡೆ. ಅದಕ್ಕೆ ಹೊಟ್ಟೆ ಬಂದಿದೆ. ಅದರ ಬುಡದ ಕೋಣೆಯಲ್ಲಿ ನನ್ನ ತಂಗಿ ಕೂರುತ್ತಾಳೆ’ ಎಂದಷ್ಟೇ ಬರೆದಿದ್ದಳು.

ಗುಡ್ಡ ಕಡಿದು ಕಟ್ಟಿದ ಶಾಲೆ ಅದು. ಹಿಂದೆ ಮಣ್ಣು ಜಾರದಂತೆ ಎತ್ತರದ ಗೋಡೆ, ಒಳಗಿನ ನೀರು ಹೊರಗೆ ಹರಿಯಲೆಂದು ಅದರ ತುಂಬ ಪೈಪಿನ ತೂತುಗಳು. ಹೋದ ವರ್ಷ ಹೆಡ್‌ಮಾಸ್ಟರಿಗೆ ವಿಪತ್ತಿನ ಅರಿವು ಮೂಡಿಸುವ ಹುಕಿ ಬಂತು. ಗೋಡೆಗೆ ಚಿತ್ರ ಬರೆಸಬೇಕು, ತೂತಿನಿಂದ ನೀರು ಇಳಿದರೆ ಬಣ್ಣ ಕೆಡುತ್ತದೆ. ಪುಣ್ಯಾತ್ಮ ಅಷ್ಟೂ ತೂತುಗಳಿಗೆ ಸಿಮೆಂಟು ಮೆತ್ತಿಸಿ, ಅದರ ಮೇಲೆ ಬೆಂಕಿ ಕಾರುವ ಜ್ವಾಲಾಮುಖಿ ಬರೆಸಿದ. ಬಂದುಹೋದವರೆಲ್ಲ ಭಲೇ ಎಂದರು.

ನಾಲ್ಕು ದಿನದಿಂದ ಮಳೆ ಹಿಡಿದಿತ್ತು. ಮೇಷ್ಟ್ರು ಛತ್ರಿ ಬಿಡಿಸಿಕೊಂಡು, ಗೊಣಗುತ್ತಲೇ ಹಿಂದಕ್ಕೆ ಹೋದರು. ಗೋಡೆಗೆ ಕೆನ್ನೆ ತಾಗಿಸಿ ಉದ್ದಕ್ಕೆ ನೋಡಿದರೆ ನಡುವೆ ಒಂದು ಗೇಣು ಉಬ್ಬಿದೆ! ಬುಡದಲ್ಲಿ ಕೆಸರು ನೀರು ಜಿನುಗುತ್ತಿದೆ. ಪಕ್ಕದ ಕೋಣೆಯಲ್ಲಿ ಒಂದನೇ ಕ್ಲಾಸಿನ ಮೂವತ್ತು ಮಕ್ಕಳು ಎರಡರ ಮಗ್ಗಿ ಒದರುತ್ತಿದ್ದವು. ಮೇಷ್ಟ್ರು ಹೆಡ್‌ಮಾಸ್ಟರ ಕೋಣೆಗೆ ಓಡಿದರು.

ಹೆಡ್‌ಮಾಸ್ಟರ್ ಎಲ್ಲ ಕೇಳಿಸಿಕೊಂಡು ಕ್ಯಾಲ್ಕುಲೇಟರ್ ಒತ್ತಿದರು.

“ನಲವತ್ತೆರಡರಲ್ಲಿ ಒಬ್ಬಳು. ನೂರಕ್ಕೆ ಎರಡು ಪಾಯಿಂಟ್ ಮೂರು ಎಂಟು. ಇದನ್ನ ಯಾರಾದ್ರೂ ಲೆಕ್ಕಕ್ಕೆ ತಗೋತಾರೇನ್ರೀ?”

“ಗೋಡೆ ಉಬ್ಬಿದೆ ಸಾರ್, ನಾನೇ ಕಣ್ಣಾರೆ ನೋಡಿ ಬಂದೆ.”

“ನಾಳೆ ಇಲಾಖೆ ನಿರ್ದೇಶಕರು ಆ ಚಿತ್ರ ನೋಡೋಕೆ ಬರ್ತಿದ್ದಾರೆ. ಮಕ್ಕಳನ್ನ ಎಬ್ಬಿಸಿ ಗಲಾಟೆ ಮಾಡಿದ್ರೆ ನಿಮ್ಮ ಬಡ್ತಿ ಕಥೆ ಮುಗೀತು ಅಂದ್ಕೊಳ್ಳಿ.”

ಥೂ, ಇವನ ಜನ್ಮಕ್ಕಿಷ್ಟು! ಮೇಷ್ಟ್ರು ಮನಸ್ಸಿನಲ್ಲೇ ಬೈದುಕೊಂಡರು, ಹನ್ನೊಂದು ವರ್ಷದಿಂದ ಕಾದಿದ್ದ ಬಡ್ತಿ ಅದು. ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ನೆಟ್ಟಗೆ ಹೋಗಿ ಮೂವತ್ತು ಪುಟಾಣಿಗಳನ್ನೂ ಚೀಲ ಸಮೇತ ಎಬ್ಬಿಸಿಕೊಂಡು ಬಂದು ಹೆಡ್‌ಮಾಸ್ಟರ ಕೋಣೆಯಲ್ಲೇ ಕೂರಿಸಿದರು. ಒಂದು ಮಗು ಅವರ ಕುರ್ಚಿಯನ್ನೇ ಹತ್ತಿತು.

“ಇದೇನ್ರೀ ನಿಮ್ಮ ಹುಚ್ಚಾಟ!” ಎಂದು ಅವರು ಕೂಗಾಡುತ್ತಿರುವಾಗಲೇ ಹಿಂದೆ ಧಡಾರೆಂದು ಸದ್ದಾಯಿತು. ಓಡಿಹೋಗಿ ನೋಡಿದರೆ ಗೋಡೆ ಕುಸಿದು ಒಂದನೇ ಕ್ಲಾಸಿನ ಕೋಣೆಯ ಅರ್ಧಕ್ಕೆ ಮಣ್ಣು ತುಂಬಿದೆ. ಮಗುಚಿಬಿದ್ದ ಬೆಂಚುಗಳ ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದವು.

“ಅಯ್ಯೋ, ನನ್ನ ಚಿತ್ರ!” ಎಂದರು ಹೆಡ್‌ಮಾಸ್ಟರ್. ಮನುಷ್ಯನೇ ಅವನು?

ಮೇಷ್ಟ್ರಿಗೆ ಒಳಗೊಳಗೇ ಹೆಮ್ಮೆ. ತಾನೊಬ್ಬನಿಗಾದರೂ ತಲೆ ನೆಟ್ಟಗಿತ್ತಲ್ಲ! ಗಾರೆಯವನ ಮಗಳು ತಂಗಿಯನ್ನು ಅವುಚಿಕೊಂಡು ನಿಂತಿದ್ದಳು. ಅವಳ ಬಳಿ ಹೋಗಿ ದೊಡ್ಡ ದನಿಯಲ್ಲೇ ಗದರಿದರು.

“ಗೊತ್ತಿದ್ದೂ ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯೇನಮ್ಮಾ? ಮೊದಲೇ ಹೇಳೋಕೆ ಏನಾಗಿತ್ತು?”

ಹುಡುಗಿ ತಲೆಯೆತ್ತಿ ಅವರನ್ನೇ ನೋಡಿದಳು.

“ಅರ್ಧವಾರ್ಷಿಕ ಪರೀಕ್ಷೇಲಿ ಬರೆದಿದ್ದೆ ಸಾರ್. ನೀವು ಅಡ್ಡಗೆರೆ ಎಳೆದು, ‘ಪುಸ್ತಕದಲ್ಲಿಲ್ಲ’ ಅಂತ ಸೊನ್ನೆ ಕೊಟ್ಟಿದ್ರಿ.”